ಅರ್ಧ ದುಡ್ಡು ವಾಪಸ್, ಆದರೆ ಯಾರಿಗೆ?

ಇಟಲಿಯ ಪಿಯೆಮೊಂತೆಯಲ್ಲಿ ಅಸ್ತಿ ಎಂಬ ಊರಿದೆ. ಅದರಾಚೆಯ ಗುಡ್ಡದಲ್ಲಿ ಹಳೇ ರೈತರ ಮನೆಯೊಂದನ್ನು ಕೊಂಡೆವು ಎಂದಾಗ ಫೋನಿನಲ್ಲಿ ಅಮ್ಮನಿಗೆ ‘ಆಸ್ತಿ’ ಎಂದೇ ಕೇಳಿಸಿತ್ತು. ಹೆಂಚು ಇಳಿಸಿ ನೋಡಿದರೆ ಉಳಿದದ್ದು ಅಸ್ಥಿ.

2022ರಲ್ಲಿ 38,000 ಯೂರೊ ಕೊಟ್ಟೆವು. ಟೊರಿನೊದ ಬಾಡಿಗೆ ಫ್ಲ್ಯಾಟ್ ಬಿಟ್ಟು, ಮಗಳನ್ನು ಹಳ್ಳಿ ಶಾಲೆಗೆ ಸೇರಿಸಿ, ನಾನು ನೌಕರಿಗೆ ರಾಜೀನಾಮೆ ಕೊಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡಿದೆ. ರಿಪೇರಿಗೆ ಬೇಕಾದ 64,000 ಯೂರೊ ಬಂದದ್ದು ತುಮಕೂರಿನ ಸೈಟು ಮಾರಿ. ಮಾವ ತಮ್ಮ ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ಬರೆದುಕೊಟ್ಟಿದ್ದ ಸೈಟು ಅದು. ಎನ್‌ಆರ್‌ಒ ಖಾತೆ, 15ಸಿಎ, 15ಸಿಬಿ ಫಾರಂ ಎಲ್ಲ ದಾಟಿ ಇವಳ ಬ್ಯಾಂಕಿಗೆ ಬಂದ ಹಣ ಅದೇ ವಾರ ನನ್ನ ಬ್ಯಾಂಕಿಗೆ ಹೊರಳಿತು. ನಮ್ಮ ಮನೆಯಲ್ಲಿ ಹಣಕಾಸು ಖಾತೆ ನನ್ನದಲ್ಲವೇ!

ಧೈರ್ಯ ಕೊಟ್ಟದ್ದು ಇಲ್ಲಿನ ರಿಪೇರಿ ರಿಯಾಯಿತಿ. 96,000 ಯೂರೊವರೆಗಿನ ಖರ್ಚಿನಲ್ಲಿ ಅರ್ಧವನ್ನು ಸರ್ಕಾರ ಆಗ ಹತ್ತು ವರ್ಷ ಸಮಕಂತಿನಲ್ಲಿ ತೆರಿಗೆಯಿಂದ ಕಳೆಯುತ್ತಿತ್ತು. ಹತ್ತು ವರ್ಷ ಕಾಯಲಾರದವರು ಆ ಹಕ್ಕನ್ನು ಬ್ಯಾಂಕಿಗೆ ಮಾರಬಹುದಿತ್ತು. 2023ರ ಫೆಬ್ರವರಿ 17ರಿಂದ ಆ ಬಾಗಿಲು ಮುಚ್ಚಿತು. ನಮ್ಮ ಅರ್ಜಿ ಪಂಚಾಯ್ತಿಗೆ ಹೋದದ್ದು ಮಾರ್ಚ್‌ನಲ್ಲಿ. ಅಡುಗೆಮನೆ ಗೋಡೆ ಒಡೆಯುವುದೋ ಬೇಡವೋ ಎಂದು ನಾವಿಬ್ಬರೂ ಒಂದು ತಿಂಗಳು ಜಗಳವಾಡಿದ್ದೆವು.

ಹೋಗಲಿ, ಕಂತಿದೆಯಲ್ಲ ಎಂದುಕೊಂಡೆ. ಲೆಕ್ಕ ನೋಡಿ: 64,000ದಲ್ಲಿ ಅರ್ಧ 32,000, ಭಾಗಿಸು ಹತ್ತು, ವರ್ಷಕ್ಕೆ 3,200. ಈ 3,200 ಕಳೆಯುವುದು ಇರ್ಪೆಫ್‌ನಿಂದ, ಅಂದರೆ ಮಾಮೂಲಿ ಆದಾಯ ತೆರಿಗೆಯಿಂದ. ನಾನು ಸ್ವಂತ ಉದ್ಯೋಗಕ್ಕೆ ಆರಿಸಿಕೊಂಡದ್ದು ಶೇ 5ರ ಸರಳ ತೆರಿಗೆ, ಫೊರ್ಫೆತಾರಿಯೊ. ಅದರಲ್ಲಿದ್ದವನಿಗೆ ಆ ಆದಾಯದ ಮೇಲೆ ಇರ್ಪೆಫ್ ಇಲ್ಲ. ಸೊನ್ನೆಯಿಂದ 3,200 ಕಳೆದರೆ ಸೊನ್ನೆಯೇ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ, ಆ ವರ್ಷದ್ದು ಆ ವರ್ಷವೇ ಹೋಯಿತು.

ಇವಳಿಗೆ ಆಮೇಲೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು, ವರ್ಷಕ್ಕೆ 20,000. ಇರ್ಪೆಫ್ ಶೇ 23ರಂತೆ 4,600. ನೌಕರರಿಗೆ ಸಿಗುವ ಕಡಿತ ಕಳೆದು ಉಳಿಯುವುದು ಹತ್ತಿರ ಹತ್ತಿರ 1,950. ಜೊತೆಯಲ್ಲಿ ವಾಸಿಸುವ ಹೆಂಡತಿ ಬಿಲ್ ಕಟ್ಟಿದ್ದರೆ ರಿಯಾಯಿತಿ ಹೆಂಡತಿಗೇ. ಬಿಲ್ಲೂ ಬ್ಯಾಂಕ್ ವರ್ಗಾವಣೆಯೂ ಇವಳ ಹೆಸರಲ್ಲಿದ್ದಿದ್ದರೆ ಇವಳ ತೆರಿಗೆ ಪೂರ್ತಿ ಮನ್ನಾ ಆಗುತ್ತಿತ್ತು, ವರ್ಷಾ ವರ್ಷ. ನಾನು ಎಲ್ಲದಕ್ಕೂ ನನ್ನ ತೆರಿಗೆ ನಂಬರ್ ಒತ್ತಿದ್ದೆ.

“ರೀ, ಸೈಟು ನಮ್ಮಪ್ಪ ಕೊಟ್ಟಿದ್ದು, ಬಿಲ್ಲು ನಿಮ್ಮ ಹೆಸರಲ್ಲಿ, ರಿಯಾಯಿತಿ ಯಾರ ಹೆಸರಲ್ಲೂ ಇಲ್ಲ,” ಎಂದಳು. ಪೆಲೆಟ್ ಒಲೆಯಿದ್ದ ಒಂದೇ ಕೋಣೆಯಲ್ಲಿ ಮೂವರೂ ಚಳಿಗಾಲ ಕಳೆಯುತ್ತಿದ್ದ ದಿನಗಳವು. ಎದ್ದುಹೋಗಲು ಇನ್ನೊಂದು ಕೋಣೆಯೂ ಇರಲಿಲ್ಲ.

ಊರಿನಿಂದ ಫೋನ್ ಮಾಡುವವರು ಕೇಳುವುದು ಮಾತ್ರ ಇಟಲಿಯಲ್ಲಿ ಒಂದು ಯೂರೊಗೆ ಸಿಗುತ್ತದಂತೆ ಎಂಬ ಮನೆಯ ಬಗ್ಗೆ. ಸಾಕು ಮಾಡಿ ಮಾರಾಯರೇ! ಸಿಸಿಲಿಯ ಸಂಬೂಕಾದಲ್ಲಿ 2019ರಲ್ಲಿ ಒಂದು ಯೂರೊ ಎಂಬುದು ಹರಾಜಿನ ಆರಂಭದ ಕೂಗು, ಬೆಲೆಯಲ್ಲ. ಮೇಲೆ 5,000 ಠೇವಣಿ, ಮೂರು ವರ್ಷದೊಳಗೆ ರಿಪೇರಿ ಮುಗಿಸುವ ಷರತ್ತು. ಕಾಯಿ ಬಿಟ್ಟಿ, ಮರ ಹತ್ತುವ ಕೂಲಿ ನಿಮ್ಮದು.

ಗಂಡಸರ ಚಾಳಿ ಬಗ್ಗೆಯೂ ಒಂದು ಮಾತು. ಸೈಟು, ಎಫ್‌ಡಿ, ಗ್ಯಾಸ್ ಕನೆಕ್ಷನ್, ಎಲ್ಲಕ್ಕೂ ನಮ್ಮ ಹೆಸರೇ ಬೇಕು. ಫಾರಂ ಕಂಡರೆ ಪೆನ್ನು ತಾನೇ ಕೈಗೆ ಬರುತ್ತದೆ. ಹೆಂಡತಿಯನ್ನು ಕರೆದು “ನಿನ್ನ ತೆರಿಗೆ ಎಷ್ಟು?” ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ಕೇಳಿರಲಿಲ್ಲ.

ಈಗ ಕಿಟಕಿಗಳು ಬಾಕಿ, 9,000 ಯೂರೊ. ಈ ಸಲ ಬಿಲ್ಲು ಇವಳ ಹೆಸರಿಗೇ ಎಂದು ಜಂಬದಿಂದ ಹೇಳಿದೆ. ಲೆಕ್ಕಿಗ ನಕ್ಕ. 2025ರಿಂದ ಶೇ 50 ಸಿಗುವುದು ವಾಸದ ಮನೆಯ ಮಾಲೀಕರಿಗೆ. ಮಾಲೀಕರಲ್ಲದ ಮನೆಮಂದಿಗೆ ಶೇ 36. ಕ್ರಯಪತ್ರದಲ್ಲಿ ಇರುವುದು ನನ್ನೊಬ್ಬನ ಹೆಸರು. ವರ್ಷಕ್ಕೆ 450ರ ಬದಲು 324. ಇರಲಿ, ಬಡಗಿಗೆ ಮುಂಗಡ ಇವಳೇ ಕಳಿಸಿದ್ದಾಳೆ.