ಒಂದು ಲೀಟರ್ ಬೂದು ಹಸಿರು

ಗೋಡೆಗೆ ಬಣ್ಣ ಹಚ್ಚಿಸುವ ಖರ್ಚನ್ನು ಅಂದಾಜು ಮಾಡುವಾಗ ಬಹುತೇಕ ಕುಟುಂಬಗಳು ಡಬ್ಬಿಯ ಬೆಲೆಯನ್ನೇ ಮುಂದಿಟ್ಟುಕೊಳ್ಳುತ್ತವೆ. ಆದರೆ ಒಂದು ಕಂಪನಿಯ ಬಣ್ಣ ಈಗಾಗಲೇ ಇರುವ ಗೋಡೆಗೆ ಇನ್ನೊಂದು ಕಂಪನಿಯ ಬಣ್ಣವನ್ನು ಹೊಂದಿಸಹೊರಟಾಗ ಡಬ್ಬಿಯ ಬೆಲೆ ಹಿಂದೆ ಸರಿದು, ಪೇಂಟರನ ಕೂಲಿಯೂ ಎರಡನೆಯ ಬಾರಿ ಮಾಡಬೇಕಾಗುವ ಕೆಲಸವೂ ಲೆಕ್ಕವನ್ನು ನಿರ್ಧರಿಸುತ್ತವೆ. ಸೇಜ್ ಗ್ರೀನ್ ಎಂಬ ಹೆಸರಿನಲ್ಲಿ ಬೆಳಗಾವಿಯ ಬಣ್ಣದ ಅಂಗಡಿಗಳಲ್ಲಿ ಸಿಗುವ ಬೂದು ಹಸಿರಿನ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ, ಏಕೆಂದರೆ ಹೊಂದಿಸುವುದಕ್ಕೆ ಕಠಿಣವಾದ ಬಣ್ಣಗಳಲ್ಲಿ ಅದೂ ಒಂದು.

ಸೇಜ್ ಎಂಬುದು ಮೆಡಿಟರೇನಿಯನ್ ಪ್ರದೇಶದ, ತುಳಸಿಯ ಕುಟುಂಬಕ್ಕೇ ಸೇರಿದ ಒಂದು ಗಿಡ. ಎಲೆಯ ಮೇಲಿನ ನವಿರಾದ ರೋಮಗಳಿಂದಾಗಿ ಅದರ ಹಸಿರು ಬೂದಿ ಸವರಿದಂತೆ ಕಾಣುತ್ತದೆ. ಆ ಗಿಡವನ್ನು ಕಾಣದವರು ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಂಚಿನ ಎಕ್ಕದ ಎಲೆಯನ್ನು ನೆನೆದರೆ ಸಾಕು, ಬಣ್ಣ ಬಹುಮಟ್ಟಿಗೆ ಕಣ್ಣಿಗೆ ಕಟ್ಟುತ್ತದೆ. ಆದರೆ ಹೆಸರೇ ಅಳತೆಯಲ್ಲ. ಭಾರತೀಯ ಮಾನಕ ಸಂಸ್ಥೆಯು ಸಿದ್ಧ ಬಣ್ಣ ಮತ್ತು ಎನಾಮಲ್‌ಗಳಿಗಾಗಿ ಐಎಸ್ 5 ಎಂಬ ಮಾನಕದಲ್ಲಿ ಬಣ್ಣಗಳಿಗೆ ಸಂಖ್ಯೆ ಕೊಟ್ಟಿದೆಯಾದರೂ, ಮನೆಯ ಗೋಡೆಗೆ ಬಳಸುವ ಎಮಲ್ಷನ್ ಬಣ್ಣಗಳ ಶೇಡ್ ಕಾರ್ಡುಗಳಲ್ಲಿ ಪ್ರತಿಯೊಂದು ಕಂಪನಿಯೂ ತನ್ನದೇ ಹೆಸರು, ತನ್ನದೇ ಸಂಕೇತವನ್ನು ಬಳಸುತ್ತದೆ. ಆದ್ದರಿಂದ ಎರಡು ಕಂಪನಿಗಳ ಕಾರ್ಡಿನಲ್ಲಿ ಒಂದೇ ಹೆಸರು ಕಂಡರೂ ಅವು ಒಂದೇ ಬಣ್ಣವೆಂದು ನಂಬಲು ಆಧಾರವಿಲ್ಲ.

ಅಂಗಡಿಯ ಯಂತ್ರ ಮಾಡುವ ಕೆಲಸವನ್ನು ಅರಿತರೆ ಈ ತೊಡಕು ಸ್ಪಷ್ಟವಾಗುತ್ತದೆ. ಕಂಪನಿಯಿಂದ ಬರುವ ಡಬ್ಬಿಯಲ್ಲಿರುವುದು ಬೇಸ್, ಅಂದರೆ ಬಣ್ಣ ಬೆರೆಸದ ಮೂಲ ಎಮಲ್ಷನ್. ತಿಳಿ ಬಣ್ಣಗಳ ಬೇಸಿನಲ್ಲಿ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಾಗಿಯೂ ಗಾಢ ಬಣ್ಣಗಳ ಬೇಸಿನಲ್ಲಿ ಕಡಿಮೆಯಾಗಿಯೂ ಇರುತ್ತದೆ. ಗಿರಾಕಿ ಆರಿಸಿದ ಸಂಕೇತವನ್ನು ಕಂಪ್ಯೂಟರಿಗೆ ಕೊಟ್ಟಾಗ ಯಂತ್ರವು ಸ್ಟೇನರುಗಳನ್ನು, ಅಂದರೆ ಗಟ್ಟಿಯಾದ ಬಣ್ಣದ ದ್ರವಗಳನ್ನು, ನಿಗದಿತ ಪ್ರಮಾಣದಲ್ಲಿ ಆ ಬೇಸಿಗೆ ಸುರಿಯುತ್ತದೆ. ಬೂದು ಹಸಿರಿಗೆ ಹಸಿರೊಂದೇ ಸಾಲದು. ಹಳದಿ, ಕಪ್ಪು, ಕೆಲವೊಮ್ಮೆ ಕೆಂಪು ಛಾಯೆಯ ಆಕ್ಸೈಡ್ ಸಹ ಅದರಲ್ಲಿ ಸೇರುತ್ತವೆ. ಒಂದು ಕಂಪನಿಯ ಪಾಕದಲ್ಲಿ ಮಣ್ಣಿನ ಹಳದಿಯೂ ಇನ್ನೊಂದರಲ್ಲಿ ಹೊಳಪಿನ ಹಳದಿಯೂ ಇದ್ದು, ಎರಡೂ ಕಣ್ಣಿಗೆ ಒಂದೇ ಫಲಿತಾಂಶವನ್ನು ಕೊಡುವಂತೆ ಕೂಡಿಸಿದ್ದರೆ, ಆ ಹೋಲಿಕೆ ಒಂದು ಬಗೆಯ ಬೆಳಕಿಗೆ ಮಾತ್ರ ಸೀಮಿತವಾಗಬಹುದು. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಮತ್ತೊಂದು ಬೆಳಕಿನಲ್ಲಿ ಬೇರೆಯಾಗುವ ಈ ಗುಣಕ್ಕೆ ಮೆಟಾಮೆರಿಸಂ ಎಂದು ಹೆಸರು. ಹಲವು ಸ್ಟೇನರುಗಳು ಸೇರಿ ಆಗುವ ಮಾಸಲು ಬಣ್ಣಗಳಲ್ಲಿ ಇದು ಹೆಚ್ಚು ಎದ್ದು ಕಾಣುತ್ತದೆ.

ಕೆಲವು ಅಂಗಡಿಗಳಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣವಿದ್ದು, ಅದು ಗೋಡೆಯ ತುಣುಕಿನಿಂದ ಮರಳುವ ಬೆಳಕನ್ನು ತರಂಗಾಂತರಗಳ ಪ್ರಕಾರ ಅಳೆದು ಹತ್ತಿರದ ಪಾಕವನ್ನು ಸೂಚಿಸುತ್ತದೆ. ಎರಡು ಬಣ್ಣಗಳ ನಡುವಿನ ಅಂತರವನ್ನು ಡೆಲ್ಟಾ ಇ ಎಂಬ ಸಂಖ್ಯೆಯಿಂದ ಹೇಳುವುದು ರೂಢಿ. ಅದು ಸುಮಾರು 1ರ ಒಳಗಿದ್ದರೆ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಉಪಕರಣವಿಲ್ಲದ ಕಡೆ ಅಂಗಡಿಯವರು ಬೇರೆ ಕಂಪನಿಯ ಸಂಕೇತಕ್ಕೆ ಸಮಾನವಾದದ್ದನ್ನು ಕಂಪ್ಯೂಟರಿನ ಪಟ್ಟಿಯಲ್ಲಿ ಹುಡುಕುತ್ತಾರೆ. ಆ ಪಟ್ಟಿಗೆ ಗಿರಾಕಿಯ ಗೋಡೆಯ ವಯಸ್ಸು ತಿಳಿದಿರುವುದಿಲ್ಲ, ಎರಡು ವರ್ಷದ ಬಿಸಿಲು ಮತ್ತು ಧೂಳಿನಿಂದ ಅದು ಎಷ್ಟು ಮಾಸಿದೆಯೆಂಬುದೂ ತಿಳಿದಿರುವುದಿಲ್ಲ.

ಈ ಅಂಕಣದ ಲೇಖಕನ ಕುಟುಂಬ ಇದನ್ನು ಹಣ ಕೊಟ್ಟು ಕಲಿಯಬೇಕಾಯಿತು. ಬೆಳಗಾವಿಯ ಟಿಳಕವಾಡಿಯಲ್ಲಿರುವ ಮನೆಯ ನಡುಕೋಣೆಯಲ್ಲಿ ಹತ್ತು ಅಡಿ ಎತ್ತರ, ಹನ್ನೆರಡು ಅಡಿ ಉದ್ದದ ಗೋಡೆಯೊಂದರ ಕಿಟಕಿಯ ಕೆಳಗೆ ಮಳೆಗಾಲದ ತೇವದಿಂದ ಬಣ್ಣ ಎದ್ದುಬಂದಿತ್ತು; ಹಾಳಾದ ಜಾಗ ಹನ್ನೆರಡು ಚದರಡಿಗಿಂತ ಹೆಚ್ಚಿರಲಿಲ್ಲ. ಮೊದಲು ಹಚ್ಚಿದ್ದ ಕಂಪನಿಯ ಒಂದು ಲೀಟರಿಗೆ 520 ರೂಪಾಯಿ ಇದ್ದುದರಿಂದ, 390 ರೂಪಾಯಿಗೆ ಸಿಕ್ಕ ಇನ್ನೊಂದು ಕಂಪನಿಯ ಸಮಾನ ಬಣ್ಣವನ್ನು ಪಟ್ಟಿಯ ಆಧಾರದ ಮೇಲೆ ತರಿಸಲಾಯಿತು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎರಡಕ್ಕೂ ಭೇದವಿರಲಿಲ್ಲ. ಪುಟ್ಟಿ, ಪ್ರೈಮರ್ ಮುಗಿದು ಬಣ್ಣ ಹಚ್ಚಿ ಒಣಗಿದ ಮೇಲೆ, ಬೆಳಗಿನ ಹೊತ್ತು ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ, ಹೊಸ ತೇಪೆ ಹಳದಿಯ ಕಡೆಗೆ ವಾಲಿ ಗೋಡೆಯಿಂದ ಬೇರ್ಪಟ್ಟು ನಿಂತಿತು. ಬಣ್ಣದ ಜೊತೆಗೆ ಹೊಳಪೂ ಬೇರೆಯಾಗಿತ್ತು. ಹಳೆಯದು ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಹೊಸದಕ್ಕೆ ರೇಷ್ಮೆಯಂಥ ಮಿನುಗಿತ್ತು. ಹೊಳಪಿನ ಭೇದ ಉಳಿದರೆ ಪಾಕ ಎಷ್ಟೇ ಸರಿಯಿದ್ದರೂ ತೇಪೆ ಅಡಗುವುದಿಲ್ಲವೆಂಬುದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ಮನೆಯವರೂ ಕೇಳಲಿಲ್ಲ.

ಕೊನೆಗೆ ಅಟ್ಟದ ಮೇಲಿದ್ದ ಹಳೆಯ ಡಬ್ಬಿಯ ಮುಚ್ಚಳದ ಚೀಟಿಯಲ್ಲಿ ಸಂಕೇತ, ಬೇಸಿನ ಬಗೆ ಮತ್ತು ಸ್ಟೇನರುಗಳ ಪ್ರಮಾಣ ಸಿಕ್ಕಿದವು. ಅದನ್ನೇ ತೋರಿಸಿ ಮೂಲ ಕಂಪನಿಯ ಒಂದು ಲೀಟರ್ ತಂದು, ತೇಪೆಗೆ ಮಾತ್ರವಲ್ಲದೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಗೆ ಎರಡು ಕೋಟು ಹಚ್ಚಿಸಲಾಯಿತು. ಪೇಂಟರನ ದಿನದ ಕೂಲಿ 900 ರೂಪಾಯಿ. ಪುಟ್ಟಿ ಮತ್ತು ಪ್ರೈಮರಿನ ಖರ್ಚನ್ನು ಬದಿಗಿಟ್ಟರೂ ಮೊದಲ ಪ್ರಯತ್ನಕ್ಕೆ 1,290, ಎರಡನೆಯದಕ್ಕೆ 1,420, ಒಟ್ಟು 2,710 ರೂಪಾಯಿ ಹೋಯಿತು. ಮೊದಲೇ ಮೂಲ ಬಣ್ಣ ತಂದಿದ್ದರೆ 1,420ಕ್ಕೆ ಮುಗಿಯುತ್ತಿದ್ದ ಕೆಲಸವದು. 130 ರೂಪಾಯಿ ಉಳಿಸಹೋಗಿ 1,290 ರೂಪಾಯಿ ಹೆಚ್ಚು ತೆರಬೇಕಾಯಿತು. ಯಂತ್ರದಲ್ಲಿ ಬಣ್ಣ ಬೆರೆಸಿದ ಡಬ್ಬಿಯನ್ನು ಅಂಗಡಿಗಳು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಉಳಿದ ಬಣ್ಣವೂ ನಷ್ಟದಲ್ಲೇ ಸೇರಿತು.

ಲೇಖಕನಿಗೆ ಈ ಪ್ರಸಂಗದಿಂದ ಮನದಟ್ಟಾದುದು ಇಷ್ಟು: ಹಳೆಯ ಬಣ್ಣಕ್ಕೆ ಹೊಂದಿಸಬೇಕಾದ ಅಗತ್ಯ ಬರುವುದೇ ಬೇಕಾದ ಬಣ್ಣ ಒಂದೆರಡು ಲೀಟರಿನಷ್ಟು ಸ್ವಲ್ಪವಿದ್ದಾಗ, ಮತ್ತು ಅಷ್ಟು ಸ್ವಲ್ಪದಲ್ಲಿ ಕಂಪನಿ ಬದಲಿಸಿದರೆ ಉಳಿಯುವ ಹಣ ಪೇಂಟರನ ಅರ್ಧ ದಿನದ ಕೂಲಿಯನ್ನೂ ಮುಟ್ಟುವುದಿಲ್ಲ. ಉಳಿತಾಯ ನಿಜವಾಗಿ ಕೈಗೆ ಹತ್ತುವುದು ಮನೆಯಿಡೀ ಹೊಸದಾಗಿ ಹಚ್ಚಿಸುವಾಗ, ಅಲ್ಲಿ ಹೊಂದಿಸುವ ಪ್ರಶ್ನೆಯೇ ಏಳುವುದಿಲ್ಲ.

ಖಾನಾಪುರದಲ್ಲಿರುವ ಹಿರಿಯರ ಮನೆಯಲ್ಲಿ ಇದೇ ಲೆಕ್ಕ ತಿರುಗಿ ನಿಂತಿತು. ಹೆಂಚಿನ ಮಾಡಿನ ಆ ನಾಲ್ಕು ಕೋಣೆಗಳ ಗೋಡೆಗಳು ಸುಮಾರು 1,600 ಚದರಡಿ. ಎರಡು ಕೋಟಿಗೆ ಲೀಟರಿಗೆ 110 ಚದರಡಿಯಂತೆ ಹಿಡಿದು ಹದಿನೈದು ಲೀಟರ್ ಬೇಕಾಯಿತು. ಟಿಳಕವಾಡಿಯ ಹಸಿರಿಗೆ ಹತ್ತಿರವಿದ್ದರೆ ಸಾಕು, ಅದೇ ಆಗಬೇಕೆಂಬ ಹಟವಿರಲಿಲ್ಲ. ಇಪ್ಪತ್ತಾರು ಕಿಲೋಮೀಟರ್ ದೂರದ ಎರಡು ಗೋಡೆಗಳನ್ನು ಯಾರೂ ಪಕ್ಕಪಕ್ಕದಲ್ಲಿಟ್ಟು ನೋಡುವುದಿಲ್ಲ. ಕಡಿಮೆ ದರದ ಕಂಪನಿಯನ್ನು ಆರಿಸಿದ್ದರಿಂದ ಲೀಟರಿಗೆ 110 ರೂಪಾಯಿಯಂತೆ 1,650 ರೂಪಾಯಿ ಉಳಿಯಿತು. ತಿಳಿ ಬಣ್ಣಕ್ಕೆ ಸ್ಟೇನರ್ ಕಡಿಮೆ ಸಾಕಾಗುವುದರಿಂದ ಬೆಲೆಯ ಅಂತರ ಹೆಚ್ಚಾಗಿ ಬೇಸಿನದೇ ಆಗಿರುತ್ತದೆ. 2019ರಲ್ಲಿ ಜೆಎಸ್‌ಡಬ್ಲ್ಯು ಪೇಂಟ್ಸ್, 2024ರಲ್ಲಿ ಬಿರ್ಲಾ ಓಪಸ್ ಮಾರುಕಟ್ಟೆಗೆ ಬಂದ ಮೇಲೆ ದರ ವಿಚಾರಿಸಲು ಹೆಚ್ಚು ಆಯ್ಕೆಗಳಿವೆ. ವಿಚಾರಿಸುವಾಗ ತೆರಿಗೆ ಸೇರಿದ ದರವನ್ನೇ ಕೇಳಬೇಕು, ಏಕೆಂದರೆ 2018ರ ಜುಲೈ 27ರಿಂದ ಬಣ್ಣಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದ್ದರೂ ಬಾಯಿಮಾತಿನ ದರದಲ್ಲಿ ತೆರಿಗೆ ಹೊರಗುಳಿದರೆ ಹೋಲಿಕೆ ತಪ್ಪುತ್ತದೆ. ಕೆಲವು ಡಬ್ಬಿಗಳೊಂದಿಗೆ ಪೇಂಟರಿಗೆ ನಗದಾಗುವ ಟೋಕನ್ ಇರುತ್ತದೆಂಬುದನ್ನೂ ಮನೆಯವರು ಅರಿತಿರುವುದು ಒಳ್ಳೆಯದು. ಪೇಂಟರ್ ಒಂದೇ ಕಂಪನಿಯನ್ನು ಬಲವಾಗಿ ಹೇಳಿದಾಗ ಅದರ ಕಾರಣವನ್ನು ಗೌರವದಿಂದ ವಿಚಾರಿಸುವುದರಲ್ಲಿ ತಪ್ಪಿಲ್ಲ.

ಖಾನಾಪುರದ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಡಿದ್ದು ಗೋಡೆಯೇ. ತಲೆಮಾರುಗಳಿಂದ ಸುಣ್ಣ ಹೊಡೆದ ಗೋಡೆಯ ಮೇಲೆ ಸಡಿಲವಾದ ಪದರವನ್ನು ಕೆರೆದು ತೆಗೆಯದಿದ್ದರೆ ಎಮಲ್ಷನ್ ಹಿಡಿಯುವುದಿಲ್ಲ. ಪಶ್ಚಿಮ ಘಟ್ಟಕ್ಕೆ ಹತ್ತಿರದ ಈ ತಾಲೂಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಳಗೊಳಗೆ ನೀರು ಹಿಡಿದಿರುತ್ತದೆ. ಗಣಪತಿ ಹಬ್ಬದೊಳಗೆ ಬಣ್ಣ ಮುಗಿಸಬೇಕೆಂಬ ಆತುರ ಸಹಜವಾದರೂ, ರಂಧ್ರಗಳಲ್ಲಿ ನೀರು ತುಂಬಿದ ಗೋಡೆ ಒಣಗಿದ ಗೋಡೆಗಿಂತ ಗಾಢವಾಗಿ ಕಾಣುವುದರಿಂದ ಆಗ ಮಾಡಿದ ಹೋಲಿಕೆಯನ್ನು ನಂಬುವಂತಿಲ್ಲ. ಆದ್ದರಿಂದ ಕೆಲಸವನ್ನು ಜನವರಿಗೆ ಮುಂದೂಡಲಾಯಿತು. ಒಂದು ರಟ್ಟಿನ ತುಣುಕಿಗೆ ಎರಡು ಕೋಟು ಹಚ್ಚಿ ಒಂದು ದಿನ ಒಣಗಿಸಿ, ಗಾಜಿನ ಹೆಂಚಿನಿಂದ ಇಳಿಯುವ ಹಗಲಿನ ಬೆಳಕಿನಲ್ಲೂ ರಾತ್ರಿ ಎಲ್‌ಇಡಿ ಬಲ್ಬಿನ ಕೆಳಗೂ ಗೋಡೆಗೆ ಹಿಡಿದು ನೋಡಿದ ಮೇಲೆಯೇ ಉಳಿದ ಡಬ್ಬಿಗಳಿಗೆ ಬಣ್ಣ ಬೆರೆಸಲು ಹೇಳಲಾಯಿತು. ಒಂದೇ ಸಂಕೇತದ ಡಬ್ಬಿಗಳಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದಾದ್ದರಿಂದ ಪೇಂಟರ್ ಹದಿನೈದು ಲೀಟರನ್ನೂ ದೊಡ್ಡ ಡ್ರಮ್ಮಿಗೆ ಸುರಿದು ಕಲಸಿದನು. ಮುಚ್ಚಳದ ಚೀಟಿಗಳನ್ನು ಬಿಡಿಸಿ, ಅಂಗಡಿಯ ಬಿಲ್ಲು ಮತ್ತು ತಾರೀಖಿನೊಂದಿಗೆ ಮೀಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಲಾಗಿದೆ. ಟಿಳಕವಾಡಿಯ ಮನೆಯ ಚೀಟಿಯೂ ಈಗ ಅಲ್ಲಿಯ ಮೀಟರ್ ಪೆಟ್ಟಿಗೆಯೊಳಗಿದೆ.