ಮರಳಿನ ದುಂಬಿಗಳೆಲ್ಲ ಗೊಣ್ಣೆಹುಳುವಿನ ತಾಯಲ್ಲ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಊರು. ಇಂತಹ ಹೊಳೆಯಂಚಿನ ಮರಳು ಮಿಶ್ರಿತ ಭೂಮಿಯನ್ನು ಅಗೆದಾಗ ಕಂದು ದುಂಬಿಗಳೂ ಬಾಗಿದ ಬಿಳಿ ಮರಿಹುಳುಗಳೂ ಸಿಗುವುದುಂಟು. ಕಂಡೊಡನೆ ಗೊಣ್ಣೆಹುಳುವೆಂದು ವಿಷ ಹಾಕಿದರೆ ಹಣ ನಷ್ಟ. ಗೊಣ್ಣೆಹುಳುವನ್ನೇ ಸಾಧು ಹುಳುವೆಂದು ಬಿಟ್ಟರೆ ಬೆಳೆ ನಷ್ಟ. ಆದುದರಿಂದ ಮೊದಲು ಗುರುತಿಸುವುದನ್ನು ಕಲಿಯಬೇಕು.

ಮರಳು ದುಂಬಿ

ಸ್ಯಾಮೋಡಿಯಸ್ ಎಂಬುದು ಮರಳಿನಲ್ಲಿ ಬಿಲ ತೋಡುವ ಸಣ್ಣ ದುಂಬಿಗಳ ಒಂದು ಜಾತಿ. ಗ್ರೀಕ್ ಭಾಷೆಯ ‘ಮರಳು’ ಎಂಬ ಪದದಿಂದ ಈ ಹೆಸರು ಬಂದಿದೆ. ಇದರ ಹತ್ತಿರದ ಬಳಗದ ದುಂಬಿಗಳು ಭಾರತದಲ್ಲಿಯೂ ಇವೆ. ಉದ್ದ ಸುಮಾರು 2ರಿಂದ 5 ಮಿ.ಮೀ., ಅಂದರೆ ಹೆಚ್ಚೆಂದರೆ ಜೋಳದ ಕಾಳಿನಷ್ಟು. ಬೆನ್ನಿನ ಮೇಲೆ ಉದ್ದುದ್ದ ಗೀರುಗಳಿರುತ್ತವೆ. ಮುಂಗಾಲುಗಳು ಅಗಲವಾಗಿ, ಹಲ್ಲುಹಲ್ಲಾಗಿದ್ದು ಮರಳನ್ನು ಅಗೆಯಲು ಒದಗುತ್ತವೆ. ಇವುಗಳ ಆಹಾರ ಮುಖ್ಯವಾಗಿ ಕೊಳೆತ ಎಲೆ, ಬೇರು, ಕಸಕಡ್ಡಿ. ಇವುಗಳಿಗೆ ಔಷಧಿಯ ಅಗತ್ಯವಿಲ್ಲ.

ಗೊಣ್ಣೆಹುಳು

ದಕ್ಷಿಣ ಕರ್ನಾಟಕದಲ್ಲಿ ಹಾನಿಮಾಡುವ ಮುಖ್ಯ ಗೊಣ್ಣೆಹುಳು ಹೋಲೋಟ್ರೈಕಿಯಾ ಸೆರ್ರೇಟಾ. ಇದರ ದುಂಬಿ ಸುಮಾರು 2 ಸೆಂ.ಮೀ. ಉದ್ದವಿರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಮುಂಗಾರು ಪೂರ್ವದ ಒಳ್ಳೆಯ ಮಳೆ ಬಿದ್ದಾಗ ಸಂಜೆಗತ್ತಲಲ್ಲಿ ಮಣ್ಣಿನಿಂದ ಹೊರಬಂದು ಬೇವು, ಜಾಲಿ ಮುಂತಾದ ಮರಗಳ ಎಲೆ ತಿನ್ನುತ್ತದೆ. ಬೆಳಗಾಗುವ ಮುನ್ನ ಮಣ್ಣಿಗೆ ಮರಳಿ, ಅಲ್ಲಿಯೇ ಮೊಟ್ಟೆಯಿಡುತ್ತದೆ. ಮರಿಹುಳುಗಳು ಆಲೂಗೆಡ್ಡೆ, ಕಬ್ಬು, ಮುಸುಕಿನ ಜೋಳ, ರಾಗಿ ಮೊದಲಾದ ಬೆಳೆಗಳ ಬೇರು ಕತ್ತರಿಸುತ್ತವೆ. ಆಲೂಗೆಡ್ಡೆಯಲ್ಲಿ ಗೆಡ್ಡೆಯನ್ನೂ ಕೊರೆಯುತ್ತವೆ. ವರ್ಷಕ್ಕೆ ಒಂದೇ ಪೀಳಿಗೆ.

ಗುರುತಿಸುವ ಬಗೆ

ಎರಡರ ಮರಿಗಳೂ ಬಿಳಿ, ಎರಡೂ ಬಾಗಿದವು. ಗೊಣ್ಣೆಹುಳುವೂ ಎಳೆಯದಾಗಿದ್ದಾಗ ಸಣ್ಣದೇ. ಆದ್ದರಿಂದ ಗಾತ್ರವೊಂದನ್ನೇ ನಂಬಬಾರದು. ಬಾಡಿದ ಗಿಡವನ್ನು ಮೆಲ್ಲಗೆ ಎಳೆಯಿರಿ. ಬೇರು ತುಂಡಾಗಿ ಗಿಡ ಸುಲಭವಾಗಿ ಕಿತ್ತು ಬಂದರೆ, ಬುಡದ ಮಣ್ಣಿನಲ್ಲಿ ಕಂದು ತಲೆಯ ಹುಳು ಸಿಕ್ಕರೆ, ಅದು ಗೊಣ್ಣೆಹುಳುವೆಂದು ತಿಳಿಯಿರಿ. ಗಿಡ ಆರೋಗ್ಯವಾಗಿದ್ದು ಹುಳುಗಳು ಕೊಳೆತ ಕಸದಲ್ಲಿ ಮಾತ್ರ ಇದ್ದರೆ ಅವಸರ ಬೇಡ.

ಹತೋಟಿ ಕ್ರಮಗಳು

1. ಮೊದಲ ಮಳೆಯ ನಂತರ ಕೆಲವು ವಾರ, ರಾತ್ರಿ ಮರದ ಕೊಂಬೆಗಳನ್ನು ಅಲುಗಾಡಿಸಿ, ಬಿದ್ದ ದುಂಬಿಗಳನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು.

2. ಬೆಳೆ ಕಿತ್ತ ಮೇಲೆ ಆಳವಾಗಿ ಉಳುಮೆ ಮಾಡಬೇಕು. ಮೇಲೆ ಬಿದ್ದ ಹುಳು, ಕೋಶಗಳನ್ನು ಹಕ್ಕಿಗಳು ತಿನ್ನುತ್ತವೆ.

3. ಮೆಟರೈಜಿಯಂ ಶಿಲೀಂಧ್ರವನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ, ತೇವವಿರುವಾಗ ಮಣ್ಣಿಗೆ ಸೇರಿಸಬಹುದು.

4. ಬಲಿತ ಹುಳುಗಳು ಔಷಧಿಗೆ ಸುಲಭವಾಗಿ ಸಾಯುವುದಿಲ್ಲ. ಆದ್ದರಿಂದ ಮರಿ ಎಳೆಯದಿದ್ದಾಗಲೇ ಕ್ರಮ ಕೈಗೊಳ್ಳಬೇಕು.

ದುಂಬಿಗೆ ಹೊಲದ ಬದು ಅಡ್ಡಿಯಲ್ಲ. ಒಬ್ಬರು ಆರಿಸಿ ನೆರೆಯವರು ಸುಮ್ಮನಿದ್ದರೆ ಶ್ರಮ ವ್ಯರ್ಥ. ಊರಿನವರೆಲ್ಲ ಒಟ್ಟಾಗಿ ಆರಿಸಿದರೆ ಮುಂದಿನ ವರ್ಷದ ಪೀಳಿಗೆಯೇ ಕುಗ್ಗುತ್ತದೆ. ಸಂಶಯ ಬಂದಲ್ಲಿ ಹುಳುವನ್ನು ಮಣ್ಣಿನ ಸಮೇತ ಡಬ್ಬಿಯಲ್ಲಿ ತೆಗೆದುಕೊಂಡು ಸಮೀಪದ ರೈತ ಸಂಪರ್ಕ ಕೇಂದ್ರಕ್ಕಾಗಲಿ, ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ತೋರಿಸಿ, ಅನಂತರವೇ ಔಷಧಿ ಕೊಳ್ಳುವುದು ಒಳಿತು.