ಲಿಫ್ಟಿಗೂ ಲೈಸೆನ್ಸ್

ನಮ್ಮವರು ತುಂಬಾ ಜನ ಹೊಸೂರಿನ ದೊಡ್ಡ ಕಟ್ಟಡಗಳಿಗೆ ಕೆಲಸಕ್ಕೆ ಹೋಗ್ತಾರೆ. ಅಲ್ಲಿ ಲಿಫ್ಟ್ ಇರುತ್ತೆ. ಬಸ್ಸಿಗೆ, ಲಾರಿಗೆ ಇರೋ ಹಾಗೆ ಲಿಫ್ಟಿಗೂ ಲೈಸೆನ್ಸ್ ಬೇಕು. ತಮಿಳುನಾಡಿನಲ್ಲಿ ಇದಕ್ಕೆ 1997ರ ಕಾಯಿದೆ ಇದೆ. ಲಿಫ್ಟ್ ಕೂರಿಸಲು ಮೊದಲು ಸರ್ಕಾರದ ಅನುಮತಿ ಪಡೆಯಬೇಕು. ಲೈಸೆನ್ಸ್ ಸಿಕ್ಕ ಮೇಲೆಯೇ ಓಡಿಸಬೇಕು. ಅಪಘಾತ ಆದರೆ ಕಟ್ಟಡದ ಮಾಲೀಕರು ಇನ್‌ಸ್ಪೆಕ್ಟರಿಗೆ ತಿಳಿಸಬೇಕು. ಮುಚ್ಚಿಡೋ ಹಾಗಿಲ್ಲ.

ಲಿಫ್ಟಿನ ಒಳಗೆ ‘6 ಜನ, 408 ಕಿಲೋ’ ಅಂತ ಬರೆದಿರುತ್ತೆ. ಒಬ್ಬರಿಗೆ 68 ಕಿಲೋ ಲೆಕ್ಕ. ಅಕ್ಷರ ತಮಿಳಲ್ಲೋ ಇಂಗ್ಲಿಷಲ್ಲೋ ಇರಬಹುದು. ಆದರೆ ಅಂಕಿ ನಿಮಗೆ ಓದೋಕೆ ಬರುತ್ತಲ್ಲ! ತಲೆ ಎಣಿಸಿದರೆ ಸಾಲದು, ಮೂಟೆಯ ತೂಕವನ್ನೂ ಸೇರಿಸಿ. ಭಾರ ಹೆಚ್ಚಾಗಿ ಗಂಟೆ ಹೊಡೆದರೆ ಕೊನೆಗೆ ಹತ್ತಿದವರು ಇಳಿಯಬೇಕು. ಅದರಲ್ಲಿ ಅವಮಾನ ಏನಿಲ್ಲ.

ಬಾಗಿಲು ತೆರೆದ ಕೂಡಲೇ ಕಾಲಿಡಬೇಡಿ. ಲಿಫ್ಟ್ ಬಂದು ನಿಂತಿದೆಯಾ, ನೋಡಿ. ಬಂದಿಲ್ಲ ಅಂದ್ರೆ ಅಲ್ಲಿರೋದು ಬಾವಿಯಂಥ ಆಳ. ನಡುವೆ ನಿಂತುಹೋದರೆ ಬಾಗಿಲು ಎಳೆದು ಹೊರಗೆ ಹಾರಬೇಡಿ. ಗಂಟೆಯ ಗುರುತಿನ ಬಟನ್ ಒತ್ತಿ, ಕಾಯಿರಿ.

ಲೆಕ್ಕ ಮಾಡಿ: 6 ಜನರ ಲಿಫ್ಟಿಗೆ 5 ಜನ ಹತ್ತಿದ್ದಾರೆ. ಜೊತೆಗೆ 25 ಕಿಲೋ ಅಕ್ಕಿಯ 3 ಮೂಟೆ ಇದೆ. ಒಬ್ಬರಿಗೆ 68 ಕಿಲೋ ಹಿಡಿದರೆ, ಎಲ್ಲಾ ಒಂದೇ ಸಲ ಹೋಗಬಹುದಾ?